ರಾಣಿಯ ಕೆನ್ನೆ ಮೇಲೆ ನನ್ನ ಮೂಗು

ತಾತನ ಹಾರ್ಲಿಕ್ಸ್ ಬಾಟಲಿಯಲ್ಲಿ ಹಳೇ ನಾಣ್ಯಗಳಿವೆ. ತೂತಿನ ಕಾಸು, ಚೌಕದ ಐದು ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ‘ಮಯಿಲಿ ಕಾಸು 20’. ಇವೆಲ್ಲಕ್ಕೂ ಯಜಮಾನಿಯ ಹಾಗೆ 1862ರ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ವಿಷಯ ಗೊತ್ತಾದದ್ದೇ ತಡ, ಶಿವಮೊಗ್ಗದ ಚಿಕ್ಕಪ್ಪನ ಫೋನ್ ಬಂತು.

“1862 ಅಂತ ಇದ್ದ ಮಾತ್ರಕ್ಕೆ ಆ ವರ್ಷದ್ದೇ ಅಂದ್ಕೋಬೇಡ ಕಣೋ. 1874ರವರೆಗೂ ಅದೇ ಇಸವಿ ಹಾಕಿ ಅಚ್ಚು ಹೊಡೀತಿದ್ರು. ಇಸವಿ ಕೆಳಗೆ ಸಣ್ಣ ಚುಕ್ಕಿ ಇರಬಹುದು, ನಿಜವಾದ ವರ್ಷಕ್ಕೆ ಅದೇ ಸುಳಿವು. ಎಷ್ಟಿದೆ ಅಂತ ಕಾಣೋ ಹಾಗೆ ಫೋಟೋ ತೆಗೆದು ಕಳಿಸು.”

ಎರಡು ನಿಮಿಷದ ಕೆಲಸ ಅಂದುಕೊಂಡೆ. ಭಾನುವಾರ ಪೂರ್ತಿ ಹೋಯಿತು.

ಮೊದಲು ಫ್ಲ್ಯಾಶ್ ಹಾಕಿ ತೆಗೆದೆ. ನಾಣ್ಯದ ಬದಲು ಹುಣ್ಣಿಮೆ ಚಂದ್ರ ಬಂದ. ಫ್ಲ್ಯಾಶ್ ಆರಿಸಿ ಕಿಟಕಿ ಪಕ್ಕ ತೆಗೆದೆ. ಈ ಸಲ ರಾಣಿ ಬಂದಳು, ಆದರೆ ಅವಳ ಕೆನ್ನೆ ಮೇಲೆ ನನ್ನ ಮೂಗು ಕೂತಿತ್ತು. ಕಿರೀಟದ ಪಕ್ಕ ನನ್ನ ಬನಿಯನ್ನು, ಅದರ ಹಿಂದೆ ಸೀಲಿಂಗ್ ಫ್ಯಾನು. ತಾತ ಆ ರೂಪಾಯಿಯನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದರು. ಕನ್ನಡಿಯ ಫೋಟೋ ತೆಗೆಯೋಕೆ ಹೋದವನು ತಾನು ಬರಬಾರದು ಅಂದರೆ ಹೇಗೆ?

ನಾಣ್ಯವನ್ನು ಇಸವಿ ಇರೋ ಕಡೆಗೆ ಮಗುಚಿ, ಟೇಬಲ್ ಲ್ಯಾಂಪಿಗೆ ಬಟರ್ ಪೇಪರ್ ಕಟ್ಟಿದೆ. ಮೂಗು ಹೋಯಿತು, ಜೊತೆಗೆ ಇಸವಿಯೂ ಹೋಯಿತು. ಹಾಲಿನ ಬಾಟಲಿಯ ಮುಚ್ಚಳದ ಹಾಗೆ ಎಲ್ಲಾ ಸಪಾಟು. ಪೇಪರ್ ಕಿತ್ತು, ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ಬಗ್ಗಿಸಿ, ಪಕ್ಕದಿಂದ ಬೆಳಕು ಬಿಟ್ಟೆ. ಮಯಿಲಿ ಕಾಸಿಗೆ ಇದು ಚೆನ್ನಾಗಿ ಒಗ್ಗಿತು. ಸವೆದು ಹೋಗಿದ್ದ ಕನ್ನಡ ಅಕ್ಷರಗಳು ನೆರಳಿನ ಜೊತೆ ಎದ್ದು ನಿಂತವು. ಅದೇ ಹುರುಪಿನಲ್ಲಿ ರೂಪಾಯಿಯನ್ನೂ ಇಟ್ಟು, ಚುಕ್ಕಿ ಎಣಿಸಿ, ಫೋನ್ ಮಾಡಿದೆ.

“ಚಿಕ್ಕಪ್ಪ, ಹದಿನಾಲ್ಕು ಚುಕ್ಕಿ ಇದೆ.”

“ಅದು ನಾಣ್ಯನೋ ರಂಗೋಲಿನೋ?”

ಪಕ್ಕದ ಬೆಳಕಿಗೆ ಒಂದೊಂದು ಗೀರೂ ಹಳ್ಳ, ಒಂದೊಂದು ಧೂಳೂ ಗುಡ್ಡ. ಅಷ್ಟರಲ್ಲಿ ಅಮ್ಮ ಹುಣಸೆಹಣ್ಣು ಹಿಡಿದು ಬಂದರು. “ಕೊಡಿಲ್ಲಿ, ಉಜ್ಜಿ ಕೊಡ್ತೀನಿ, ಫಳಫಳ ಅನ್ನತ್ತೆ.” ಮಯಿಲಿ ಕಾಸನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಹಳೇ ತಾಮ್ರಕ್ಕೆ ಬೆಲೆ ಇರೋದೇ ಆ ಕಪ್ಪು ಬಣ್ಣಕ್ಕೆ. ಇದನ್ನು ಹೇಳಿದರೆ ಪೂಜೆ ಚೊಂಬು ಬೆಳಗುವ ಅಮ್ಮ ಒಪ್ಪುತ್ತಾರಾ?

ಕೊನೆಗೆ ಉಳಿದದ್ದು ಗಾಜಿನ ಉಪಾಯ. ನಾಣ್ಯದ ಮೇಲೆ ಒಂದು ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಪಕ್ಕದಿಂದ ಬಂದ ಬೆಳಕು ಗಾಜಿಗೆ ಬಡಿದು ನೆಟ್ಟಗೆ ನಾಣ್ಯದ ಮೇಲೆ ಇಳಿಯುತ್ತದೆ, ಫೋನು ಮೇಲಿಂದ ಗಾಜಿನ ಮೂಲಕವೇ ನೋಡುತ್ತದೆ. ನಾಣ್ಯದ ಸಪಾಟು ಜಾಗ ಬೆಳಗುತ್ತದೆ, ಉಬ್ಬು ಅಕ್ಷರಗಳ ಅಂಚು ಕಪ್ಪಾಗಿ ಕಾಣುತ್ತದೆ. ಒಳ್ಳೆಯ ಗಾಜು ಮನೆಯಲ್ಲಿ ಒಂದೇ ಕಡೆ ಇತ್ತು. ನಮ್ಮ ಮದುವೆ ಫೋಟೋಗೆ.

“ಏನ್ರೀ ಅದು?” ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಇಷ್ಟು ವರ್ಷದಲ್ಲಿ ಒಂದು ದಿನ ಧೂಳು ಒರೆಸಲಿಲ್ಲ. ಇವತ್ತು ಆ ರಾಣಿಗೋಸ್ಕರ ನನ್ನ ಗಾಜೇ ಬಿಚ್ಚಿದ್ರಾ?”

ಉತ್ತರ ಇರಲಿಲ್ಲ, ಕೆಲಸ ಮುಂದುವರಿಸಿದೆ. ಗಾಜಿಗೆ ಆಸರೆ ಉಪ್ಪಿನ ಡಬ್ಬ. ಬೆಳಕು ನೇರವಾಗಿ ನಾಣ್ಯಕ್ಕೆ ಬೀಳದಂತೆ ಅಡ್ಡಕ್ಕೆ ಪಂಚಾಂಗ. ಫೋನು ಎರಡು ಸ್ಟೀಲ್ ಡಬ್ಬಗಳ ಸೇತುವೆ ಮೇಲೆ. ಮುಟ್ಟಿದರೆ ಅಲುಗುತ್ತೆ ಅಂತ ಟೈಮರ್ ಹಾಕಿ, ಉಸಿರು ಬಿಗಿಹಿಡಿದು ನಿಂತೆ. ಮೊದಲ ಸಲ ಫೋನು ಜಾರಿ ಸಾರಿನ ಪುಡಿಗೆ ಬಿತ್ತು. ಎರಡನೇ ಸಲ ಕ್ಲಿಕ್ ಆಯಿತು.

ಎಂಥಾ ಫೋಟೋ ಗೊತ್ತಾ! ಬಳ್ಳಿಯ ಒಂದೊಂದು ಎಲೆ, 1862, ಅದರ ಕೆಳಗೆ ಎರಡೇ ಎರಡು ಚುಕ್ಕಿ. ಹೆಮ್ಮೆಯಿಂದ ಚಿಕ್ಕಪ್ಪನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು. “ಇಂಟರ್‌ನೆಟ್‌ನಿಂದ ತೆಗೆದು ಕಳಿಸಬೇಡ. ನಿನ್ನ ಹತ್ರ ಇರೋದನ್ನ ಕಳಿಸು.”

ತಲೆ ಕೆಟ್ಟು, ಬೆಳಿಗ್ಗೆಯ ಆ ಮೂಗಿನ ಫೋಟೋ ಕಳಿಸಿದೆ.

“ಹಾಂ, ಇದು ನಮ್ಮನೇದೇ” ಅಂತ ಬರೆದರು. “ಆ ಮೂಗು ಬೇರೆ ಯಾರಿಗಿದೆ?”