ಓನರ್‌ಶಿಪ್ ಅಂತೆ ಓನರ್‌ಶಿಪ್

ಇನ್ನೊಂದ್ ಸಲ ಯಾರಾದ್ರೂ ನನ್ನೆದುರು "ಸ್ವಲ್ಪ ಓನರ್‌ಶಿಪ್ ತಗೊಳ್ಳಿ" ಅಂದ್ರೆ ಲ್ಯಾಪ್‌ಟಾಪ್ ಅವರ ಕೈಗೇ ಕೊಟ್ಟು ಎದ್ದು ಹೋಗ್ತೀನಿ, ಸತ್ಯವಾಗ್ಲೂ.

ಮೊನ್ನೆ ರಾತ್ರಿ 2.40ಕ್ಕೆ ಫೋನ್ ಬಡ್ಕೊಳ್ತು. ಆನ್-ಕಾಲ್, ಅಂದ್ರೆ ಏನಾದ್ರೂ ಕೆಟ್ರೆ ಯಾವ ಹೊತ್ತಲ್ಲಾದ್ರೂ ಎದ್ದು ನೋಡ್ಬೇಕಾದೋರು, ಯಾರು? ನಾನೇ. ಹೋದ ವಾರ ಯಾರು? ಅದೂ ನಾನೇ, ಬ್ಯಾಕೆಂಡಲ್ಲಿ (ಆ್ಯಪ್ ಹಿಂದಿನ ಸರ್ವರ್ ಕೆಲಸ) ಇರೋದೇ ಇಬ್ರು, ಇನ್ನೊಬ್ಬ ರಿಸೈನ್ ಮಾಡಿ ನೋಟಿಸ್ ಪೀರಿಯಡ್‌ನಲ್ಲಿದ್ದಾನೆ. ಕಣ್ಣುಜ್ಜಿಕೊಂಡು ನೋಡಿದ್ರೆ ಒಂದೇ ಒಂದು ಆರ್ಡರ್ ಸೇವ್ ಆಗ್ತಿಲ್ಲ. ಆ್ಯಪ್ ಓಪನ್ ಆಗುತ್ತೆ, ಹಳೇದೆಲ್ಲ ಕಾಣ್ಸುತ್ತೆ, ಹೊಸದು ಹಾಕಕ್ ಹೋದ್ರೆ ಸುತ್ತುತ್ತಾ ಕೂತಿರುತ್ತೆ. ಲಾಗ್ ತೆಗೆಯೋ ಮೊದಲೇ ನಂಗೆ ಗೊತ್ತಾಯ್ತು ಏನಾಗಿದೆ ಅಂತ, ಯಾಕಂದ್ರೆ ಹೀಗಾಗುತ್ತೆ ಅಂತ ಹೇಳಿದ್ದೇ ನಾನು.

ಆರ್ಡರ್ಸ್ ಟೇಬಲ್‌ಗೆ ಒಂದು ಹೊಸ ಇಂಡೆಕ್ಸ್, ಅಂದ್ರೆ ಬೇಗ ಹುಡುಕೋಕೆ ಪುಸ್ತಕದ ಹಿಂದಿರೋ ಥರದ ಪಟ್ಟಿ, ಬೇಕಿತ್ತು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರಲ್ಲಿ ಸುಮ್ನೆ ಕ್ರಿಯೇಟ್ ಇಂಡೆಕ್ಸ್ ಅಂತ ಓಡಿಸಿದ್ರೆ ಅದು ಮುಗಿಯೋವರೆಗೂ ಆ ಟೇಬಲ್‌ಗೆ ಏನೂ ಬರೆಯಕ್ಕಾಗಲ್ಲ, ಓದಬೋದು ಅಷ್ಟೇ. ಸ್ಟೇಜಿಂಗಲ್ಲಿ, ಅಂದ್ರೆ ಟೆಸ್ಟ್ ಮಾಡೋ ಕಾಪಿಯಲ್ಲಿ, 500 ರೋ ಇದೆ, ಕಣ್ಣು ಮಿಟುಕಿಸೋದ್ರೊಳಗೆ ಮುಗೀತು, ಎಲ್ಲರೂ ಥಂಬ್ಸಪ್ ಹಾಕಿದ್ರು. ಪ್ರೊಡಕ್ಷನ್ನಲ್ಲಿ, ಅಂದ್ರೆ ಜನ ಬಳಸೋ ಅಸಲಿಯಲ್ಲಿ, ಇರೋದು 6 ಕೋಟಿ. ಕನ್ಕರೆಂಟ್ಲಿ ಅಂತ ಸೇರಿಸಿದ್ರೆ ನಿಧಾನ ಆದ್ರೂ ಬರೆಯೋದು ನಿಲ್ಲಲ್ಲ, ಆದ್ರೆ ಅದು ಟ್ರಾನ್ಸಾಕ್ಷನ್ (ಆದ್ರೆ ಎಲ್ಲಾ ಆಗ್ಬೇಕು, ಇಲ್ಲಾಂದ್ರೆ ಏನೂ ಆಗ್ಬಾರ್ದು ಅನ್ನೋ ಕಟ್ಟು) ಒಳಗೆ ಓಡಲ್ಲ, ಡೇಟಾಬೇಸ್ ಬದಲಾವಣೆ ಮಾಡೋ ನಮ್ಮ ಮೈಗ್ರೇಶನ್ ಸ್ಕ್ರಿಪ್ಟ್ ಎಲ್ಲಾನೂ ಟ್ರಾನ್ಸಾಕ್ಷನ್ ಒಳಗೇ ಓಡ್ಸೋದು, ಹಾಗಾಗಿ ಸ್ಕ್ರಿಪ್ಟ್ ಬದಲಾಯಿಸ್ಬೇಕು, ಅರ್ಧ ದಿನ ಕೊಡಿ ಸಾಕು ಅಂದೆ. ಅರ್ಧ ದಿನ! "ಬೆಳಗ್ಗೆ ಕ್ಲೈಂಟ್ ಡೆಮೋ ಇದೆ, ರಾತ್ರಿ ಟ್ರಾಫಿಕ್ ಇರಲ್ಲ, 2 ಗಂಟೆಗೆ ಶೆಡ್ಯೂಲ್ ಮಾಡ್ಬಿಡಿ" ಅಂದ್ರು ಮೇಲಿನೋರು. ಕ್ಲೈಂಟ್‌ಗೆ ಆ ಫೀಚರ್ ರೆಡಿ ಇದೆ ಅಂತ ಸೇಲ್ಸ್‌ನವ್ರು ಮಾತು ಕೊಟ್ಟು ತಿಂಗಳಾಗಿತ್ತು, ನಮಗೆ ಗೊತ್ತಾಗಿದ್ದು ಸೋಮವಾರ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಕ್ವೆರಿ ಕಿಲ್ ಮಾಡಿ, ಸಿಕ್ಕಾಕೊಂಡಿದ್ದೆಲ್ಲ ಬಿಡಿಸಿ, ಇಂಡೆಕ್ಸನ್ನ ಕೈಯಾರೆ ಸರಿಯಾಗಿ ಓಡಿಸಿ ಮಲಗೋಷ್ಟ್ರಲ್ಲಿ ಬೆಳಕಾಗಿತ್ತು. ಡೆಮೋ? ಕ್ಲೈಂಟ್ ಮುಂದಿನ ವಾರಕ್ಕೆ ಹಾಕ್ಕೊಂಡ್ರು.

ಇಷ್ಟಾದ್ಮೇಲೆ 11 ಗಂಟೆ ಮೀಟಿಂಗಲ್ಲಿ ಫೌಂಡರ್ ಸಾಹೇಬ್ರು ಎಲ್ಲರೆದುರು ಹೇಳಿದ್ದು, "ಟೀಮಲ್ಲಿ ಓನರ್‌ಶಿಪ್ ಕಮ್ಮಿ ಆಗ್ತಿದೆ. ನೀವೆಲ್ಲ ಶೇರ್ ಇರೋರು, ಕಂಪನಿ ನಿಮ್ದೂ ಹೌದು."

ಯಾವ ಶೇರು ಸ್ವಾಮಿ? ನನ್ನ ಹತ್ರ ಇರೋದು ಆಪ್ಷನ್ಸ್, ಮುಂದೆ ನಿಗದಿ ಬೆಲೆಗೆ ಶೇರು ಕೊಳ್ಳೋ ಹಕ್ಕು ಅಷ್ಟೇ. 4 ವರ್ಷದ ವೆಸ್ಟಿಂಗ್, ಅಂದ್ರೆ ಆ ಹಕ್ಕು ಸ್ವಲ್ಪ ಸ್ವಲ್ಪವಾಗಿ ಕೈಗೆ ಬರೋದು, ಮೊದಲ ವರ್ಷ ತುಂಬೋ ಮುಂಚೆ ಬಿಟ್ರೆ ಸೊನ್ನೆ. ಆಮೇಲೆ ಬಿಟ್ರೆ 90 ದಿನದೊಳಗೆ ನಾನೇ ದುಡ್ಡು ಕಟ್ಟಿ ಕೊಂಡ್ಕೋಬೇಕು, ಇಲ್ಲಾಂದ್ರೆ ಅದೂ ಹೋಯ್ತು. ಹೊಸ ಫಂಡಿಂಗ್ ಬಂದಾಗೆಲ್ಲ ಪರ್ಸೆಂಟೇಜ್ ಕರಗುತ್ತೆ, ನಾವು ಮಾತ್ರ ಚಪ್ಪಾಳೆ ಹೊಡೀಬೇಕು. ನಾಳೆ ಕಂಪನಿ ಮಾರಿದ್ರೂ ಇನ್ವೆಸ್ಟರ್ಸ್ ಹಾಕಿದ ದುಡ್ಡು ಮೊದಲು ಅವರಿಗೆ, ಲಿಕ್ವಿಡೇಶನ್ ಪ್ರಿಫರೆನ್ಸ್ ಅಂತೆ, ಉಳಿದ್ರೆ ನಮಗೆ. ಕಮ್ಮಿಗೆ ಮಾರಿದ್ರೆ ಉಳಿಯೋದೇ ಇಲ್ಲ. ಅರ್ಧ ದಿನ ಬೇಡ ಅನ್ನೋ ತೀರ್ಮಾನ ಅವರದ್ದು, ನಿದ್ದೆ ನಂದು, ಕಂಪನಿ ಎಲ್ಲರದ್ದು.

ಬಿಟ್ ಹೋಗು ಅಂತೀರಾ? ಹೋಗ್ಬೋದು. ಆದ್ರೆ ಇದೇ ಜಾಗದಲ್ಲಿ ಹೋದ ವರ್ಷ ಸರ್ಚ್ ತೀರಾ ಸ್ಲೋ ಅಂತ ಬೆಳಗ್ಗೆ ಒಬ್ರು ಬೈದು ಮೇಲ್ ಹಾಕಿದ್ರು, ಸಂಜೆಯೊಳಗೆ ನಾನೇ ಸರಿಮಾಡಿ ಲೈವ್ ಮಾಡ್ದೆ, ರಾತ್ರಿ ಅವ್ರೇ "ಏನ್ ಮಾಡಿದ್ರಿ, ಹಾರ್ತಾ ಇದೆ" ಅಂತ ಬರೆದ್ರು. ಹಳೇ ದೊಡ್ಡ ಕಂಪನಿಯಲ್ಲಿ ಅಷ್ಟೊತ್ತಿಗೆ ಮೊದಲ ಅಪ್ರೂವಲ್ಲೂ ಸಿಕ್ಕಿರ್ತಿರ್ಲಿಲ್ಲ. ಅದೊಂದು ಚಟ ಅಂಟ್ಕೊಂಡ್ಬಿಟ್ಟಿದೆ, ಅದು ಅವರಿಗೂ ಗೊತ್ತು, ಅದೇ ಉರಿ ನಂಗೆ.

ಈಗಷ್ಟೇ ಟಾಸ್ಕ್ ಬೋರ್ಡ್ ತೆಗೆದು ನೋಡ್ದೆ. ಮೈಗ್ರೇಶನ್ ಸ್ಕ್ರಿಪ್ಟ್ ಸರಿಮಾಡೋ ಟಿಕೆಟ್ ಇನ್ನೂ ಬ್ಯಾಕ್‌ಲಾಗಲ್ಲೇ ಬಿದ್ದಿದೆ. ಪ್ರಯಾರಿಟಿ: ಲೋ.