ಒಂದು ಸೈನ್ ಹಾಕಿಸ್ಕೊಂಡು ಹನ್ನೊಂದು ವರ್ಷ ಒರೆಸಿಬಿಟ್ರು

ಕೆಲಸ ಹೋದವರಿಗೆ ಸಿಗೋ ದುಡ್ಡಿಗೆ ಅಂತ ಇವತ್ತು ಮೂರನೇ ಸಲ ಇಎಸ್ಐ (ಕಾರ್ಮಿಕರ ವಿಮೆ) ಆಫೀಸಿನ ಕೌಂಟರ್ ಮುಂದೆ ನಿಂತು ಬರಿಗೈಲಿ ವಾಪಸ್ ಬಂದೆ. ಬೆಳಗ್ಗೆ ಹತ್ತಕ್ಕೆ ಹೋದವಳಿಗೆ ಊಟದ ಹೊತ್ತು ದಾಟಿದ ಮೇಲೆ ಸಿಕ್ಕಿದ್ದು ಒಂದೇ ಮಾತು. “ನಿಮ್ಮ ಯಜಮಾನ್ರು ತಾವಾಗೇ ಕೆಲಸ ಬಿಟ್ಟಿದ್ದಾರಲ್ಲಮ್ಮ, ಇದಕ್ಕೆ ಬರಲ್ಲ.”

ತಾವಾಗೇನಾ? ಪೀಣ್ಯದಲ್ಲಿ ಒಂದೇ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಸಿಎನ್‌ಸಿ ಮಷಿನ್ ಓಡಿಸಿದವರು ಅವರು. ಮಕ್ಕಳಿಬ್ಬರ ಸ್ಕೂಲ್ ಫೀಸ್ ಕಟ್ಟೋ ತಿಂಗಳಲ್ಲಿ ತಾವಾಗೇ ಕೆಲಸ ಬಿಟ್ಟು ಮನೇಲಿ ಕೂರ್ತಾರಾ?

ಆಗಿದ್ದು ಇಷ್ಟು. ಸೆಕೆಂಡ್ ಶಿಫ್ಟ್ ಶುರುವಾಗೋ ಮುಂಚೆ ಎಚ್ಆರ್ ರೂಮಿಗೆ ಒಬ್ಬೊಬ್ಬರನ್ನೇ ಕರೆದರು. ಆರ್ಡರ್ ಇಲ್ಲ ಅಂದರು. ಮೊದಲೇ ಟೈಪ್ ಮಾಡಿಟ್ಟ ಇಂಗ್ಲಿಷ್ ಹಾಳೆ ಮುಂದೆ ತಳ್ಳಿದರು. ಸ್ವಂತ ಕಾರಣದಿಂದ ರಾಜೀನಾಮೆ ಕೊಡ್ತಿದ್ದೀನಿ ಅಂತ ಅದರಲ್ಲಿತ್ತು. “ಸೈನ್ ಹಾಕಿದ್ರೆ ಗ್ರಾಚ್ಯುಟಿ ಬೇಗ ಬರುತ್ತೆ, ಇಲ್ಲಾಂದ್ರೆ ವರ್ಷಗಟ್ಟಲೆ ಅಲೆದಾಡ್ತೀರ” ಅಂದರಂತೆ. ಗ್ರಾಚ್ಯುಟಿ ಅಂದ್ರೆ ಇಷ್ಟು ವರ್ಷ ದುಡಿದಿದ್ದಕ್ಕೆ ಕೆಲಸ ಬಿಡುವಾಗ ಕಂಪನಿ ಕೊಡೋ ದುಡ್ಡು. ಐದು ವರ್ಷ ದುಡಿದವರಿಗೆ ಅದನ್ನ ಕೊಡಲೇಬೇಕು, ರಾಜೀನಾಮೆ ಕೊಟ್ಟರೂ ಕೊಡಬೇಕು, ತೆಗೆದುಹಾಕಿದರೂ ಕೊಡಬೇಕು. ನಮ್ಮ ದುಡ್ಡನ್ನೇ ತೋರಿಸಿ ನಮ್ಮನ್ನೇ ಹೆದರಿಸಿದರು. ನಮ್ಮನೆಯವರು ಐಟಿಐ ಓದಿದವರು, ಡ್ರಾಯಿಂಗ್ ಓದೋಕೆ ಬರುತ್ತೆ, ವಕೀಲರ ಇಂಗ್ಲಿಷ್ ಬರಲ್ಲ. ಸೈನ್ ಹಾಕಿ ಬಂದರು.

ಆ ಹಾಳೆ ಏನೇನು ನುಂಗಿತು ಅಂತ ಈಗ ಒಂದೊಂದಾಗಿ ಗೊತ್ತಾಗ್ತಿದೆ. ಕಂಪನಿಯವರೇ ತೆಗೆದಿದ್ದರೆ ನೋಟಿಸ್ ಕೊಡಬೇಕಿತ್ತು, ಸರ್ವಿಸ್ ಆದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕಿತ್ತು. ಹನ್ನೊಂದು ವರ್ಷಕ್ಕೆ 165 ದಿನದ ಸಂಬಳ. ಅದು ಹೋಯ್ತು.

ಇನ್ನು ಇಎಸ್ಐ. ಕೆಲಸ ಕಳ್ಕೊಂಡವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ 2018ರಲ್ಲಿ ತಂದಿದ್ದಾರೆ. ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗ ಇತ್ತು, 2020ರಲ್ಲಿ ಅರ್ಧಕ್ಕೆ ಏರಿಸಿದರು. ಜೀವಮಾನದಲ್ಲಿ 90 ದಿನಕ್ಕೆ ಮಾತ್ರ. ಇವರ ಸಂಬಳ 19,400, ಲೆಕ್ಕ ಹಾಕಿದರೆ ಮೂರು ತಿಂಗಳಿಗೆ ಹೆಚ್ಚುಕಮ್ಮಿ 29 ಸಾವಿರ. ಯಾರಿಗೋ ಇದು ಒಂದು ಫೋನಿನ ದುಡ್ಡು. ನಮಗೆ ಮೂರು ತಿಂಗಳ ಮನೆ ಬಾಡಿಗೆ, ಮೇಲೆ ರೇಷನ್ನು. ಶಿಕ್ಷೆಯಾಗಿ ಕೆಲಸ ಹೋದವರಿಗೆ, ಸ್ವಇಚ್ಛೆಯಿಂದ ನಿವೃತ್ತಿ ತಗೊಂಡವರಿಗೆ ಅದು ಸಿಗಲ್ಲ. ಇವರ ರಾಜೀನಾಮೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಿ ಫಾರಂ ವಾಪಸ್ ತಳ್ತಾರೆ. ತಿಂಗಳು ತಿಂಗಳೂ ಸಂಬಳದಲ್ಲಿ ಶೇ 0.75 ಹಿಡ್ಕೊಳ್ಳುವಾಗ ಇವರ ಇಚ್ಛೆ ಏನು ಅಂತ ಯಾರಾದರೂ ಕೇಳಿದ್ರಾ?

ಪಿಎಫ್ ಕಥೆನೂ ಅಲ್ಲೇ ನಿಂತಿದೆ. ಕೆಲಸ ಬಿಟ್ಟ ತಾರೀಖನ್ನ ಕಂಪನಿ ಇವರ ಪಿಎಫ್ ಖಾತೆಯಲ್ಲಿ ಇನ್ನೂ ಹಾಕಿಲ್ಲ. ನಾವೇ ಹಾಕೋಣ ಅಂದ್ರೆ ಕೊನೆ ಕಂತು ಕಟ್ಟಿ ಎರಡು ತಿಂಗಳು ಆಗೋವರೆಗೂ ಆಗಲ್ಲ. ಫೋನ್ ಮಾಡಿದರೆ “ಮಾಡ್ತೀವಿ ಮೇಡಂ” ಅಂತಾರೆ, ಇಟ್ಟುಬಿಡ್ತಾರೆ.

“ಬಿಪಿಎಲ್ ಕಾರ್ಡ್ ಮಾಡಿಸ್ಕೋ ಅಕ್ಕ” ಅಂತ ಪಕ್ಕದ ಮನೆಯವಳು ಅಂದಳು. ನಾಡಕಚೇರಿಯಲ್ಲಿ ತಗೊಂಡ ಆದಾಯ ಪ್ರಮಾಣಪತ್ರ ನೋಡಿದೆ, ಎರಡು ಲಕ್ಷದ ಮೇಲೆ ಅಂತ ಇದೆ. ಬಿಪಿಎಲ್‌ಗೆ 1.20 ಲಕ್ಷ ದಾಟಬಾರದು. ಹೋದ ವರ್ಷದ ಸಂಬಳ ತೋರಿಸಿ ಈ ತಿಂಗಳ ಅಕ್ಕಿ ತರೋಕಾಗುತ್ತಾ? ಗೃಹಲಕ್ಷ್ಮಿ ಎರಡು ಸಾವಿರ ಬರುತ್ತೆ, ಸುಳ್ಳು ಯಾಕೆ ಹೇಳಲಿ, ಅದು ಬಂದ ದಿನ ಗ್ಯಾಸ್ ತಗೊಂಡ್ವಿ. ಬ್ಲೌಸ್ ಹೊಲಿದು ನಾನು ಎಷ್ಟು ಅಂತ ಎಳೀಲಿ?

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯೋದು ನಮ್ಮನೆಯವರ ಮುಖ ನೋಡಿದಾಗ. ರಾತ್ರಿ ಎದ್ದು ಕೂತು “ನಾನು ಸೈನ್ ಹಾಕಬಾರದಿತ್ತು ಕಣೇ” ಅಂತಾರೆ. ಮೋಸ ಮಾಡಿದವರು ನಿದ್ದೆ ಮಾಡ್ತಿದ್ದಾರೆ, ತಪ್ಪು ಮಾಡಿದೆ ಅಂತ ಇವರು ಕೊರಗ್ತಿದ್ದಾರೆ.

ಅದೇ ದಿನ ಅದೇ ರೂಮಲ್ಲಿ ಸೈನ್ ಹಾಕಿದ ಇನ್ನೂ ನಾಲ್ಕು ಜನರ ನಂಬರ್ ಹುಡುಕಿದ್ದೀನಿ. ಎಲ್ಲರ ಪತ್ರದಲ್ಲೂ ಅದೇ ತಾರೀಖು, ಅದೇ ಸಾಲುಗಳು, ಅಕ್ಷರದ ತಪ್ಪೂ ಅದೇ ಜಾಗದಲ್ಲಿ. ಸೋಮವಾರ ಐದೂ ಪತ್ರದ ಜೆರಾಕ್ಸ್ ತಗೊಂಡು ಕಾರ್ಮಿಕ ಇಲಾಖೆಗೆ ಹೋಗ್ತಿದ್ದೀನಿ. ನಮ್ಮನೆಯವರು ಬರಲ್ಲ ಅಂದರು. ನಾನು ಹೋಗ್ತೀನಿ.