ಸ್ಪಷ್ಟನೆ: 1851ರ ‘ಅಮೆರಿಕ’ ಹಾಯಿನೌಕೆ ಈಗ ಇಲ್ಲ

‘ಅಮೆರಿಕಾಸ್ ಕಪ್’ ಎಂಬ ಹಾಯಿನೌಕೆಗಳ ಸ್ಪರ್ಧೆಗೆ ಹೆಸರು ತಂದುಕೊಟ್ಟ ಮರದ ನೌಕೆ ‘ಅಮೆರಿಕ’ ಇಂದಿಗೂ ಕಡಲಲ್ಲಿ ಓಡಾಡುತ್ತಿದೆ ಎಂಬ ಸಂದೇಶ ಬಣ್ಣದ ಚಿತ್ರದೊಂದಿಗೆ ಹರಿದಾಡುತ್ತಿದೆ. ಇದು ನಿಜವಲ್ಲ. ಈಚಿನ ಬಣ್ಣದ ಚಿತ್ರಗಳಲ್ಲಿರುವುದು ಪ್ರತಿಕೃತಿ. ಅಂಥದ್ದೊಂದನ್ನು 1967ರಲ್ಲಿ ಕಟ್ಟಲಾಯಿತು.

ಮೂಲ ನೌಕೆಯನ್ನು ರೂಪಿಸಿದವರು ಜಾರ್ಜ್ ಸ್ಟೀರ್ಸ್. ನ್ಯೂಯಾರ್ಕ್‌ನಲ್ಲಿ ವಿಲಿಯಂ ಬ್ರೌನ್ ಅವರ ಹಡಗುಕಟ್ಟೆಯಲ್ಲಿ ಅದು ಸಿದ್ಧವಾಯಿತು. ಒಡಲಿಗೆ ಓಕ್, ಸೀಡರ್, ಚೆಸ್ಟ್‌ನಟ್ ಮುಂತಾದ ಮರಗಳು. ಉದ್ದ ಸುಮಾರು 100 ಅಡಿ. ಆ ಕಾಲದ ಇಂಗ್ಲಿಷ್ ನೌಕೆಗಳ ಮೂತಿ ದುಂಡಗೆ, ಅಗಲವಾಗಿದ್ದರೆ, ಇದರದ್ದು ನೀರನ್ನು ಸೀಳುವಂತೆ ಚೂಪು. ಹಾಯಿ ಕಟ್ಟುವ ಎರಡು ಕೂವೆಮರಗಳೂ ಹಿಂದಕ್ಕೆ ವಾಲಿದ್ದವು. ಬಿಗಿಯಾಗಿ ನೇಯ್ದ ಹತ್ತಿಯ ಹಾಯಿಗಳು ಗಾಳಿಗೆ ಉಬ್ಬದೆ ಚಪ್ಪಟೆಯಾಗಿ ನಿಲ್ಲುತ್ತಿದ್ದವು. 1851ರ ಆಗಸ್ಟ್ 22ರಂದು ಇಂಗ್ಲೆಂಡ್‌ನ ವೈಟ್ ದ್ವೀಪವನ್ನು ಸುತ್ತುವ ಪಂದ್ಯದಲ್ಲಿ ಗೆದ್ದದ್ದು ಅದೃಷ್ಟದಿಂದಷ್ಟೇ ಅಲ್ಲ, ಈ ರಚನೆಯ ಬಲದಿಂದ ಎಂದೇ ನನ್ನ ನಂಬಿಕೆ.

ಅಮೆರಿಕ ದೇಶದ ಅಂತರ್ಯುದ್ಧದಲ್ಲಿ (1861–65) ಅದನ್ನು ಫ್ಲಾರಿಡಾದ ನದಿಯೊಂದರಲ್ಲಿ ಮುಳುಗಿಸಲಾಗಿತ್ತು. ಮತ್ತೆ ಮೇಲೆತ್ತಿ ದುಡಿಸಿಕೊಂಡರು. 1921ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಗೆ ಸೇರಿತು. ಅಲ್ಲಿ 1942ರ ಮಾರ್ಚ್‌ನಲ್ಲಿ ಹಿಮದ ಭಾರಕ್ಕೆ ಅದನ್ನು ಇರಿಸಿದ್ದ ಕೊಟ್ಟಿಗೆಯ ಚಾವಣಿ ಕುಸಿದು ನೌಕೆ ಜಜ್ಜಿಹೋಯಿತು. ಅಳಿದುಳಿದ ಮರವನ್ನು 1945ರಲ್ಲಿ ಒಡೆದು ವಿಲೇವಾರಿ ಮಾಡಿದರು.